ಕಡೆಯ ಕೂಸುಗಳ ತಲೆಮಾರು

ಇಪ್ಪತ್ತೈದು ವರ್ಷಕ್ಕೊಂದು ತಲೆಮಾರು ಎಂದು ಲೆಕ್ಕ ಹಿಡಿದವಳಿಗೆ ಮೂರು ಶುಕ್ರವಾರ ಬರಿಗೈಯೇ ಗತಿಯಾಗಿತ್ತು. ವೃತ್ತಿಯಿಂದ ಅವಳು ದರ್ಜಿ; ವಾರದ ರಜೆಯಂದು ಮಾತ್ರ ವಂಶಾವಳಿಯ ಬೆನ್ನು ಹತ್ತುವವಳು. ಅಂಗಡಿಗೆ ಹೊಸ ಫಲಕ ಸಿದ್ಧವಾಗುತ್ತಿತ್ತು. ‘ಸ್ಥಾಪಕರು’ ಎಂಬುದರ ಮುಂದಿನ ಜಾಗವನ್ನು ಪೇಂಟರ್ ಖಾಲಿ ಬಿಟ್ಟಿದ್ದ. ಅಂಗಡಿ ತೆರೆದವನು ಮುತ್ತಜ್ಜನ ಅಪ್ಪ ಎಂಬುದು ಮನೆಮಂದಿಗೆಲ್ಲ ಗೊತ್ತು, ಹೆಸರು ಮಾತ್ರ ಯಾರ ಬಾಯಲ್ಲೂ ಉಳಿದಿರಲಿಲ್ಲ. ಮುತ್ತಜ್ಜನ ಜನನ ದಾಖಲೆ ಸಿಕ್ಕರೆ ಅದರಲ್ಲಿ ತಂದೆಯ ಹೆಸರಿರುತ್ತದೆ. ತನ್ನ ಹುಟ್ಟಿನಿಂದ ಅವನ ಹುಟ್ಟಿಗೆ ಮೂರು ತಲೆಮಾರು, ಅಂದರೆ ಎಪ್ಪತ್ತೈದು ವರ್ಷ. ಆ ಆಸುಪಾಸಿನ ಮೂರು ಸಂಪುಟಗಳನ್ನು ಹೊಲಿಗೆ ಪರೀಕ್ಷಿಸುವಂತೆ ಸಾಲುಸಾಲಾಗಿ ನೋಡಿದ್ದಳು. ದಾಖಲೆ ಕೋಣೆಯಲ್ಲಿ ದಿನಕ್ಕೆ ಒಂದೇ ಸಂಪುಟ. ಇದು ನಾಲ್ಕನೆಯ ಶುಕ್ರವಾರ. ನಾಳೆ ಹಳೆಯವೆಲ್ಲ ಆರು ತಿಂಗಳ ಮಟ್ಟಿಗೆ ಬೈಂಡಿಂಗಿಗೆ ಹೋಗುವುದಿತ್ತು.

ಜೊತೆಗೆ ಬಂದಿದ್ದ ಹಿರಿಯಕ್ಕ ಬೆಂಚಿನ ಮೇಲೆ ಕಾಲು ಚಾಚಿದಳು.

“ಇಪ್ಪತ್ತೈದಂತೆ. ನೀನು ಹುಟ್ಟಿದಾಗ ಅಪ್ಪನಿಗೆ ಎಷ್ಟು ವಯಸ್ಸು ಗೊತ್ತೇನೇ?”

“ನಲವತ್ತೊಂದು.”

“ನಿನ್ನ ಎತ್ಕೊಂಡು ಹೊರಗೆ ಹೋದ್ರೆ ಎಲ್ಲಾ ನನ್ನ ಮಗು ಅಂದ್ಕೊಳ್ಳೋರು. ನಾಚಿಕೆಗೆ ನೆಲ ನೋಡ್ಕೊಂಡು ನಡೀತಿದ್ದೆ.”

ತಂಗಿಯ ಪೆನ್ಸಿಲ್ ತಟ್ಟನೆ ನಿಂತಿತು. ಆ ಮನೆಯಲ್ಲಿ ಕತ್ತರಿ ಹಿರಿಯ ಮಕ್ಕಳ ಕೈಗೆ ಎಂದೂ ಹೋದದ್ದಿಲ್ಲ. ಸೂಜಿಗೆ ದಾರ ಪೋಣಿಸಲಾಗದಷ್ಟು ಅಪ್ಪನ ಕಣ್ಣು ಮಂಜಾಗುವ ಹೊತ್ತಿಗೆ ದೊಡ್ಡವರೆಲ್ಲ ಬೇರೆ ಬೇರೆ ಕೆಲಸ ಹಿಡಿದಿರುತ್ತಿದ್ದರು; ಮನೆಯಲ್ಲಿ ಉಳಿದ ಕಡೆಯ ಕೂಸೇ ಅಂಗಡಿಗೆ ವಾರಸು. ಅವಳೂ ಕಡೆಯವಳು, ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಕಡೆಯವರು. ಸರಾಸರಿ ಅಳತೆಗೆ ಕತ್ತರಿಸಿದ ಅಂಗಿಯನ್ನು ಯಾವ ಗಿರಾಕಿಗೂ ತೊಡಿಸದವಳು ತನ್ನ ವಂಶಕ್ಕೆ ಮಾತ್ರ ಅದನ್ನೇ ತೊಡಿಸಿದ್ದಳು.

“ಅಕ್ಕಾ, ನಲವತ್ತು ಹಿಡೀಬೇಕಿತ್ತು. ಮೂರು ತಲೆಮಾರಿಗೆ ನೂರಿಪ್ಪತ್ತು.”

ಕೇಳಿದ ಸಂಪುಟವನ್ನು ಗುಮಾಸ್ತ ಎರಡೂ ಕೈಯಲ್ಲಿ ಎತ್ತಿ ತಂದ. “ಅಷ್ಟು ಹಿಂದಕ್ಕೆ ಹಾರಿಬಿಟ್ರಾ? ಇವತ್ತಿಗೆ ಇದೊಂದೇ, ಆಮೇಲೆ ಕೇಳಬೇಡಿ.”

ಮಧ್ಯಾಹ್ನ ದಾಟಿತು. ಅಕ್ಕ ತೂಕಡಿಸಿ, ಎದ್ದು, ಮತ್ತೆ ತೂಕಡಿಸಿದಳು. ಇನ್ನು ಹತ್ತು ಹಾಳೆಯೂ ಉಳಿದಿಲ್ಲ ಎನ್ನುವಾಗ ಮುತ್ತಜ್ಜ ಸಿಕ್ಕಿದ: ಒಂಬತ್ತನೆಯ ಮಗು, ತಂದೆ ದರ್ಜಿ, ವಯಸ್ಸು ಐವತ್ತೆರಡು. ಪಕ್ಕದಲ್ಲೇ ಆ ಹೆಸರು, ದುಂಡಗಿನ ಅಕ್ಷರಗಳಲ್ಲಿ. ಅವಳು ಅದನ್ನು ಮೂರು ಸಲ ತುಟಿಯಲ್ಲೇ ಓದಿಕೊಂಡಳು.

ಗುಮಾಸ್ತ ಬಗ್ಗಿ ನೋಡಿ ನಕ್ಕ. “ಐವತ್ತೆರಡಕ್ಕೆ ಒಂಬತ್ತನೇದು. ಆತುರದ ಮನುಷ್ಯ ಅಲ್ಲ ಬಿಡಿ.”

“ದರ್ಜಿ ಅಲ್ವಾ ಸಾರ್. ಹೇಳಿದ ದಿನಕ್ಕೆ ನಾವು ಏನನ್ನೂ ಕೊಡಲ್ಲ,” ಎಂದವಳೇ ಹೊರಗೆ ಹೋಗಿ ಪೇಂಟರನಿಗೆ ಫೋನ್ ಮಾಡಿದಳು. “ಹೆಸರು ಬರ್ಕೊಳ್ಳಿ. ಉದ್ದ ಇದೆ, ಜಾಗ ಸಾಲದಿದ್ರೆ ನನ್ನ ಹೆಸರು ಚಿಕ್ಕದು ಮಾಡಿ.”