ಎಸರಿನ ಬಿಂದಿಗೆ

ನಿಡುಗಲ್ ಬೆಟ್ಟಕ್ಕೆ ಇನ್ನೂ ಬೆಳಕು ಹತ್ತಿಲ್ಲ. ಬೆಟ್ಟದ ಬುಡದ ಕರೆಬಂಡೆಹಟ್ಟಿಯಲ್ಲಿ ನಾಯಿಗಳಿಗೂ ಸರಿಯಾಗಿ ಎಚ್ಚರವಾಗಿಲ್ಲ. ಚಿಕ್ಕಲಕ್ಷ್ಮಮ್ಮ ಮಾತ್ರ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಏಣಿ ಹತ್ತಿ, ನೀರಿನ ಮನೆಯ ತಾರಸಿಯ ಮೇಲೆ ನಿಂತಿದ್ದಾರೆ. ಕೈಯಲ್ಲಿ ಒದ್ದೆ ಬಟ್ಟೆ, ಕಾಲ ಬಳಿ ಬಕೆಟ್ಟು. ಸಾಲಾಗಿ ಮಲಗಿರುವ ಸೋಲಾರ್ ಹಲಗೆಗಳನ್ನು ಎಮ್ಮೆಯ ಮೈ ತಿಕ್ಕುವವರ ಹಾಗೆ ಮೇಲಿಂದ ಕೆಳಕ್ಕೆ ಒರೆಸುತ್ತಾ ಬರುತ್ತಾರೆ.

"ಬಿಸ್ಲು ಬಿದ್ಮೇಲೆ ಒರೆಸ್ಬಾರ್ದು ಕಣಣ್ಣ. ಕಾದಿರೋ ಗಾಜಿಗೆ ತಣ್ಣೀರು ಬಿದ್ರೆ ಸೀಳ್ಬುಡ್ತದೆ. ಒರೆಸ್ದೆ ಬುಟ್ರೂ ಕಷ್ಟ. ಧೂಳು ಕುಂತ್ರೆ ಮಿಷನ್ನಿಗೆ ಅರೆಹೊಟ್ಟೆ," ಎನ್ನುತ್ತಾರೆ, ನನ್ನ ಕಡೆ ತಿರುಗದೆಯೇ.

ಅವರು ಕೆಳಗಿಳಿಯುವ ಹೊತ್ತಿಗೆ ನಲ್ಲಿಯ ಮುಂದೆ ಬಿಂದಿಗೆಗಳ ಸಾಲು ಬೆಳೆದಿದೆ. "ಇಂಕಾ ಎಂತ ಸೇಪಮ್ಮಾ ಲಕ್ಷ್ಮೀ?" ಎಂದು ಒಬ್ಬ ಅಜ್ಜಿ ತೆಲುಗಿನಲ್ಲಿ ಇನ್ನೂ ಎಷ್ಟು ಹೊತ್ತೆಂದು ಗದರುತ್ತಾಳೆ. "ಉಂಡವ್ವಾ, ವಸ್ತಾ! ನೀರೇನು ಓಡೋಗಲ್ಲ," ಎಂದು ಇವರು ತಾಳು, ಬಂದೆ ಎನ್ನುವ ಉತ್ತರವನ್ನು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಕೊಡುತ್ತಾರೆ. ಪಾವಗಡದ ಈ ಮೂಲೆಯಲ್ಲಿ ಅದೇ ಪೂರ್ತಿ ಭಾಷೆ.

ಸಾಲಿನಲ್ಲಿ ಪ್ರತಿ ಮನೆಗೂ ಮೂರು ಬಿಂದಿಗೆ. ಎರಡು ಕುಡಿಯಲಿಕ್ಕೆ. ಮೂರನೆಯದು ಸ್ವಲ್ಪ ಚಿಕ್ಕದು, ಕುತ್ತಿಗೆಗೆ ಕೆಂಪು ಬಟ್ಟೆಯ ಚೂರು ಕಟ್ಟಿರುತ್ತದೆ. ಊರಲ್ಲಿ ಅದಕ್ಕೆ 'ಎಸರಿನ ಬಿಂದಿಗೆ' ಎಂದೇ ಹೆಸರು. ಆ ಪುಟ್ಟ ಬಿಂದಿಗೆಯ ಕತೆ ಕೇಳಲೆಂದೇ ನಾನು ಹಿಂದಿನ ಸಂಜೆ ಮಧುಗಿರಿಯಿಂದ ಬಸ್ಸು ಹಿಡಿದು ಬಂದು, ಶಾಲೆಯ ಜಗುಲಿಯಲ್ಲಿ ಸೊಳ್ಳೆಗಳಿಗೆ ಮೈಯೊಪ್ಪಿಸಿ ಮಲಗಿದ್ದು.

ಮೊದಲು ಮಿಷನ್ನಿನ ವಿಚಾರ ಹೇಳಿಬಿಡುತ್ತೇನೆ. ನೋಡಲು ಬಟ್ಟೆ ಇಡುವ ಬೀರುವಿನಷ್ಟಿದೆ. ಈ ಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ವರ್ಷಗಟ್ಟಲೆ ಕುಡಿದವರ ಹಲ್ಲು ಕಂದಾಗುತ್ತದೆ, ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಮಿಷನ್ನಿನ ಹೊಟ್ಟೆಯಲ್ಲಿ ತೆಳ್ಳನೆಯ ಹಲಗೆಗಳಿವೆ. ನೀರು ಅವುಗಳ ನಡುವೆ ಹಾಯುವಾಗ ಸೋಲಾರ್ ಕರೆಂಟು ಫ್ಲೋರೈಡನ್ನು ಎಳೆದು ಒಂದು ಬದಿಗೆ ಇಟ್ಟುಕೊಳ್ಳುತ್ತದೆ. ಹೊರಬರುವ ನೀರು ಹೇಗಿದೆ ಎಂಬ ಸುದ್ದಿ ತಾನೇ ಬೆಂಗಳೂರಿನ ಒಂದು ಪರದೆಗೆ ಹೋಗುತ್ತದೆ. ಇದರದೇ ಒಡಹುಟ್ಟು ಇನ್ನೊಂದು ಮಿಷನ್ನು ಆಫ್ರಿಕಾದ ತಾಂಜಾನಿಯಾದ ಒಂದು ಹಳ್ಳಿಯಲ್ಲಿದೆ. ಅಲ್ಲಿನ ನೆಲದೊಳಗೂ ಇದೇ ಕಾಟವಂತೆ. ಎರಡೂ ಊರುಗಳಲ್ಲಿ ಗೆದ್ದರೆ ಪ್ರಪಂಚದ ಇಂಥ ಊರುಗಳಿಗೆಲ್ಲ ಇದನ್ನು ಒಯ್ಯುವುದು ಮಿಷನ್ನು ತಂದಿಟ್ಟ ಯೋಜನೆಯವರ ಕನಸು.

ಇಂಥ ಕನಸುಗಳ ಬಗ್ಗೆ ನನಗೆ ಸ್ವಲ್ಪ ಅನುಮಾನ ಜಾಸ್ತಿ. ರಿಬ್ಬನ್ ಕತ್ತರಿಸಿದ ದಿನ ಕುಡಿದ ಲೋಟವೇ ಕೊನೆಯ ಲೋಟವಾದ ಯಂತ್ರಗಳನ್ನು ವರದಿಗೆಂದು ನಾನು ಸುತ್ತುವ ನಾಲ್ಕು ತಾಲ್ಲೂಕುಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಅವುಗಳಲ್ಲಿ ಈಗ ಕೋಳಿಗಳು ಮೊಟ್ಟೆ ಇಡುತ್ತವೆ. ಇದು ಮಾತ್ರ ಎರಡು ವರ್ಷ ದಾಟಿ ಗುಂಯ್‌ಗುಡುತ್ತಿದೆ.

ಹಾಗೆಂದು ಚಿಕ್ಕಲಕ್ಷ್ಮಮ್ಮ ಯಂತ್ರ ಅರಿತು ಬಂದವರಲ್ಲ. ಓದು ಏಳನೇ ಕ್ಲಾಸಿಗೆ ನಿಂತಿತು. ಕಡಲೆಕಾಯಿ ಕೀಳಲು, ಹುಣಸೆಹಣ್ಣು ಬಡಿಯಲು ಕೂಲಿಗೆ ಹೋಗುತ್ತಿದ್ದರು. ಯೋಜನೆಯವರು ನಡೆಸುವವರೊಬ್ಬರು ಬೇಕೆಂದಾಗ ಗಂಡಸರು ಸಂಬಳ ಕೇಳಿ ನಕ್ಕು ಎದ್ದುಹೋದರು. ಇವರ ಮನೆ ನೀರಿನ ಮನೆಯ ಎದುರಿಗೇ ಇತ್ತು. "ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ? ಅಂಗೇ ಬಂದೆ," ಎಂದು ನಗುತ್ತಾರೆ. "ಮೊದ್ಲು ಮೊದ್ಲು ಕೆಂಪು ದೀಪ ಹತ್ಕೊಂಡ್ರೆ ಯೋಜನೆಯೋರ್ಗೆ ಫೋನ್ ಮಾಡಿ ಅತ್ಬುಡ್ತಿದ್ದೆ. ಆಮ್ಯಾಕೆ ಅದ್ರ ಬುದ್ಧಿ ಗೊತ್ತಾಯ್ತು. ಒಂದೊಂದ್ ಸಲ ಸುಮ್ನೆ ಹಟ ಮಾಡ್ತದೆ, ಆರ್ಸಿ ಹಚ್ಚುದ್ರೆ ಸರಿಯೋಯ್ತದೆ."

ಅವರ ಇನ್ನೊಂದು ಗೆಲುವನ್ನು ಯಾವ ಪರದೆಯೂ ತೋರಿಸುವುದಿಲ್ಲ. ಹಿಂದೆ ಬೋರಿನ ನಲ್ಲಿಯ ಹತ್ತಿರ ಯಾವ ಕೇರಿಯವರು ಮೊದಲು, ಯಾವ ಕೇರಿಯವರು ಆಮೇಲೆ ಎಂಬ ಲೆಕ್ಕ ಇತ್ತು. ಇಲ್ಲಿ ಮೊದಲ ದಿನವೇ ಚಿಕ್ಕಲಕ್ಷ್ಮಮ್ಮ, "ಬಿಂದಿಗೆ ಮೊದ್ಲು ಬಂದ್ರೆ ನೀರೂ ಮೊದ್ಲು, ಕೇರಿ ಕಟ್ಕೊಂಡು ನಂಗೇನಾಗ್ಬೇಕು" ಎಂದರು. ಎರಡು ದಿನ ಗೊಣಗಾಟ ಇತ್ತು, ಮೂರನೇ ದಿನ ಬಾಯಾರಿಕೆ ಗೆದ್ದಿತು.

ಈ ಕೆಲಸದ ಮೇಲೆ ಅವರಿಗೆ ಇಷ್ಟೊಂದು ಹಟ ಯಾಕೆ ಎಂಬುದು ಅವರ ಮನೆಯ ಪಡಸಾಲೆಗೆ ಹೋದರೆ ತಿಳಿಯುತ್ತದೆ. ಅತ್ತೆ ಕೆಂಚಮ್ಮನ ಬೆನ್ನು ಬಾಗಿ ಹಾಗೇ ಬಿಗಿದುಹೋಗಿದೆ. ಎದ್ದು ನಿಂತರೂ ಅವರಿಗೆ ಕಾಣುವುದು ನೆಲವೊಂದೇ. "ಸೊಸೆ ಮಖ ನೋಡಿ ಎಷ್ಟೋ ವರ್ಸ ಆಯ್ತಪ್ಪ. ಕಾಲು ನೋಡೇ ಗುರ್ತು ಹಿಡೀತೀನಿ. ಕಾಲಂತೂ ಚೆಂದಾಗವೆ," ಎಂದು ಅಜ್ಜಿ ಬೊಚ್ಚುಬಾಯಲ್ಲಿ ಕಿಸಕ್ಕೆನ್ನುತ್ತಾರೆ. ಅಜ್ಜಿಯ ಮಡಿಲಲ್ಲಿ ಮರಿಮಗಳು ಭೂಮಿಕಾ ಇದ್ದಾಳೆ, ನಾಲ್ಕು ವರ್ಷದವಳು. ಅವಳು ಹುಟ್ಟಿದ ಮೇಲೆಯೇ ಊರಿಗೆ ಮಿಷನ್ನು ಬಂದಿದ್ದು. ಈ ಮಗುವಿನ ಮೂಳೆ ಅಜ್ಜಿಯ ಮೂಳೆಯ ಹಾದಿ ಹಿಡಿಯಬಾರದು. ಚಿಕ್ಕಲಕ್ಷ್ಮಮ್ಮನಿಗೆ ಬೇಕಾಗಿರುವುದು ಅಷ್ಟೇ.

ಅದಕ್ಕೇ, ಮಿಷನ್ನು ಬಂದು ಒಂದು ವರ್ಷವಾದ ಮೇಲೆ ಬಂದ ಸುದ್ದಿ ಅವರನ್ನು ಕೆಡವಿಹಾಕಿತು.

ಯೋಜನೆಯ ಕೆಲಸಕ್ಕೆ ಹಟ್ಟಿಗೆ ಬಂದುಹೋಗುವ ಸಹನಾ, ಊರ ಶಾಲೆಯ ಮಕ್ಕಳ ಮೂತ್ರ ಪರೀಕ್ಷೆ ಮಾಡಿಸಿದ್ದರು. ಮೈಗೆ ಸೇರುವ ಫ್ಲೋರೈಡ್ ಕಡಿಮೆಯಾದರೆ ಅದು ಮೂತ್ರದಲ್ಲೇ ಗೊತ್ತಾಗುತ್ತದೆ. ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಮಿಷನ್ನಿನಿಂದ ಬರುವ ನೀರು ಚೊಕ್ಕ, ಮಕ್ಕಳು ಕುಡಿಯುವುದೂ ಅದನ್ನೇ. ಆದರೂ ಇಳಿದಿಲ್ಲ. ಯೋಜನೆಯ ನಿಯಮ ಹೀಗಿತ್ತು: ಒಂದು ಊರಿಗೆ ಉಪಯೋಗವಾಗದಿದ್ದರೆ ಮಿಷನ್ನನ್ನು ಎತ್ತಿ ಬೇರೆ ಊರಿಗೆ ಕೊಡುವುದು. ಮೂರು ತಿಂಗಳು ಬಿಟ್ಟು ಮತ್ತೊಂದು ಪರೀಕ್ಷೆ, ಆಗಲೂ ಇಷ್ಟೇ ಇದ್ದರೆ ಲಾರಿ ಬರುತ್ತದೆ ಎಂದು ಹೇಳಲು ಸಹನಾ ಬಂದಿದ್ದರು.

"ಊರೋರು ನನ್ನೇ ನೋಡುದ್ರು ಕಣಣ್ಣ," ಎಂದು ಚಿಕ್ಕಲಕ್ಷ್ಮಮ್ಮ ಆ ದಿನವನ್ನು ನೆನೆಯುತ್ತಾರೆ. "ನಾನೇ ಬೋರ್ ನೀರು ಬೆರೆಸ್ತೀನಿ ಅಂತ ಒಬ್ರು ಅಂದೇಬುಟ್ರು. ಕದೀದೆ ಇದ್ರೂ ಕಳ್ಳಿ ಆಗೋದೆ."

ಅಳುತ್ತಲೇ ಅವರು ಸಹನಾಗೆ, "ಬಂದೋಳು ಉಪವಾಸ ಹೋಗ್ಬ್ಯಾಡ ಕಣಮ್ಮ, ಒಂದು ಮುದ್ದೆ ತಿಂದು ಹೋಗು" ಎಂದರು. ಒಲೆ ಹಚ್ಚಿದರು. ಮುದ್ದೆಗೆ ಎಸರಿಡಬೇಕು, ಅಂದರೆ ಹಿಟ್ಟು ಹಾಕುವ ಮೊದಲು ಪಾತ್ರೆಯಲ್ಲಿ ನೀರು ಕುದಿಸಬೇಕು. ಸಹನಾ ಅಡಿಗೆಮನೆಯ ಹೊಸ್ತಿಲ ಮೇಲೆ ಕುಳಿತು ನೋಡುತ್ತಿದ್ದರು. ಚಿಕ್ಕಲಕ್ಷ್ಮಮ್ಮ ಮೂಲೆಯ ಹಿತ್ತಾಳೆ ಹಂಡೆಯಿಂದ ಚೊಂಬಿನಲ್ಲಿ ನೀರು ಮೊಗೆದು ಸುರಿದರು.

"ಅಮ್ಮಾ, ಅದ್ಯಾವ ನೀರು?" ಎಂದರು ಸಹನಾ.

"ಬೋರ್ ನೀರು. ಎಸರಿಗೆ ಇನ್ಯಾವುದು?"

ಸಹನಾ ಚೀಲದಿಂದ ಪರೀಕ್ಷೆಯ ಸೀಸೆ ತೆಗೆದರು. ನೀರಿಗೆ ಆ ಔಷಧದ ಹನಿ ಹಾಕಿದಾಗ ಗುಲಾಬಿಯಾಗಿ ಉಳಿದರೆ ಒಳ್ಳೆಯದು, ಹಳದಿಗೆ ತಿರುಗಿದರೆ ಫ್ಲೋರೈಡ್ ಹೆಚ್ಚು. ಕುದಿದ ಎಸರನ್ನು ಆರಿಸಿ ಹನಿ ಹಾಕಿದರು. ಅರಿಶಿನದ ನೀರಿನ ಹಾಗೆ ಹಳದಿಯಾಯಿತು.

ಇದು ಹಿಟ್ಟಿನ ಮುದ್ದೆ ತಿನ್ನುವ ಸೀಮೆಯವರು ಮಾತ್ರ ಮಾಡಬಹುದಾದ ತಪ್ಪು. ಮುದ್ದೆ ತನ್ನ ಹೊಟ್ಟೆ ತುಂಬ ನೀರು ಕುಡಿದೇ ಮುದ್ದೆಯಾಗುವುದು. ಹಟ್ಟಿಯಲ್ಲಿ ಮಧ್ಯಾಹ್ನ, ರಾತ್ರಿ ಎರಡು ಹೊತ್ತೂ ಮುದ್ದೆ, ಅದರ ಜೊತೆ ಸಾರು. ಕುಡಿಯುವಾಗ ಬಿಟ್ಟ ಬೋರ್ ನೀರನ್ನು ತಟ್ಟೆಯಲ್ಲಿ ಇಟ್ಟುಕೊಂಡು ನುಂಗುತ್ತಿದ್ದರು. ಅದಕ್ಕೆ ಅವರದೇ ಆದ ನ್ಯಾಯವೂ ಇತ್ತು. ನೀರು ಕುದಿಸಿದರೆ ರೋಗ ಹೋಗುತ್ತದೆ ಎಂದು ಆರೋಗ್ಯದ ಅಕ್ಕಂದಿರು ಎಷ್ಟು ವರ್ಷದಿಂದ ಹೇಳಿಲ್ಲ? ಎಸರು ಹೇಗೂ ಕುದಿಯುತ್ತದಲ್ಲ! ಕ್ರಿಮಿಯ ವಿಷಯದಲ್ಲಿ ಆ ಮಾತು ನಿಜ. ಆದರೆ ಕುದಿದಾಗ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ.

ಸಹನಾ ಪೇಟೆಯ ಹುಡುಗಿಯೇನಲ್ಲ. ಶಿರಾದ ಬರಗೂರಿನವರು. "ನಾನೂ ಮುದ್ದೆ ತಿಂದೇ ಬೆಳೆದವಳು. ಮನೆಮನೆಗೆ ಹೋಗಿ ಯಾವ ನೀರು ಕುಡೀತೀರಿ ಅಂತ ಕೇಳ್ದೆ. ಯಾವ ನೀರು ತಿಂತೀರಿ ಅಂತ ಕೇಳ್ಲೇ ಇಲ್ಲ. ನಮ್ಮವ್ವನೂ ಬೋರ್ ನೀರಲ್ಲೇ ಎಸರಿಡೋದು," ಎಂದು ಫೋನಿನಲ್ಲಿ ನನಗೆ ಹೇಳಿದರು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು.

ಚಿಕ್ಕಲಕ್ಷ್ಮಮ್ಮನಿಗೆ ಮಾತ್ರ ಇನ್ನೊಂದು ಏಟು ಕಾದಿತ್ತು. ನೀರಿನ ಮನೆಯ ಗೋಡೆಯ ಮೇಲೆ 'ಕುಡಿಯಲು ಮಾತ್ರ' ಎಂದು ಬಣ್ಣದಲ್ಲಿ ಬರೆದವರು ಅವರೇ. ದಿನದ ನೀರು ಎಲ್ಲರಿಗೂ ಸಾಲಲಿ ಎಂದು ಮನೆಗೆ ಎರಡೇ ಬಿಂದಿಗೆ ಎಂದು ಕಟ್ಟು ಮಾಡಿದವರೂ ಅವರೇ. ಎಸರಿಗೆ ಮಿಷನ್ ನೀರು ಹಾಕಿದ್ದ ಒಬ್ಬ ಸೊಸೆಯನ್ನು ಸಾಲಿನಲ್ಲಿ ನಿಲ್ಲಿಸಿ ಬೈದಿದ್ದರಂತೆ. "ಅವ್ಳು ಸರೀಗೇ ಮಾಡಿದ್ಲು. ನಾನು ಪೋಲು ಮಾಡ್ತೀಯಾ ಅಂತ ಬೋದೆ. ಆಮ್ಯಾಕೆ ಅವ್ಳ ಮನೆಗೋಗಿ ತಪ್ಪಾಯ್ತು ಕಣಮ್ಮ ಅಂದೆ. ಅವ್ಳು ಕಾಪಿ ಕೊಟ್ಲು." ಗೋಡೆಯ ಮೇಲಿನ 'ಮಾತ್ರ'ವನ್ನು ಅದೇ ಸಂಜೆ ಸುಣ್ಣ ಬಳಿದು ಅಳಿಸಿದರು.

ಆದರೆ ಮೂರನೆಯ ಬಿಂದಿಗೆಗೆ ನೀರೆಲ್ಲಿ? ಸೋಲಾರ್ ಹಲಗೆಗಳು ಬಿಸಿಲಿದ್ದಷ್ಟೇ ದುಡಿಯುತ್ತವೆ. ಸಹನಾ ಲ್ಯಾಪ್‌ಟಾಪ್ ಬಿಚ್ಚಿ ಮಿಷನ್ನು ತನ್ನನ್ನು ತೊಳೆದುಕೊಳ್ಳುವ ಹೊತ್ತನ್ನು ಸಂಜೆಗೆ ತಳ್ಳಿದರು. ಬಿಸಿಲಿನ ಹೊತ್ತು ಪೂರ್ತಿ ನೀರಿಗೇ ಸಿಕ್ಕಿತು. ಚಿಕ್ಕಲಕ್ಷ್ಮಮ್ಮ ಬಿಂದಿಗೆಗಳ ಕಡೆ ತಿರುಗಿದರು. ಹೆಂಗಸರು ಬಿಂದಿಗೆಯನ್ನು ನಲ್ಲಿಯ ಕೆಳಗೇ ಹುಣಸೆಹಣ್ಣು, ಬೂದಿ ಹಾಕಿ ಬೆಳಗಿ, ಮತ್ತೆ ಮತ್ತೆ ಗಲಬರಿಸಿ ತುಂಬುವುದು ರೂಢಿ. ಬೆಳಗದ ಬಿಂದಿಗೆಯಲ್ಲಿ ನೀರು ತಂದರೆ ಅತ್ತೆಯರು ಮೂಗು ಮುರಿಯುತ್ತಾರೆ. ಪಕ್ಕದಲ್ಲಿ ಬೋರ್ ನೀರಿನ ನಲ್ಲಿ ಹಾಕಿಸಿ, ಬೆಳಗುವುದೆಲ್ಲ ಅಲ್ಲಿ, ಇಲ್ಲಿ ಕೊನೆಯದೊಂದು ಗುಟುಕು ನೀರಲ್ಲಿ ಗಲಬರಿಸಿದರೆ ಸಾಕು ಎಂದರು. ಚರಂಡಿಗೆ ಹೋಗುತ್ತಿದ್ದ ನೀರು ಎಸರಿಗೆ ಒದಗಿತು.

ಇಷ್ಟಾದ ಮೇಲೆ ಎದ್ದು ನಿಂತ ವೈರಿ ನಾಲಗೆ. ಈ ಹಟ್ಟಿಯಲ್ಲಿ ಎಸರಿಗೆ ಉಪ್ಪು ಹಾಕುವ ಪದ್ಧತಿ ಇರಲಿಲ್ಲ. ಬೋರ್ ನೀರಲ್ಲೇ ಉಪ್ಪಿತ್ತು. ಮಿಷನ್ನು ಫ್ಲೋರೈಡಿನ ಜೊತೆ ಅದನ್ನೂ ಎಳೆದುಕೊಳ್ಳುವುದರಿಂದ ಮಿಷನ್ ನೀರಿನ ಮುದ್ದೆ ಸಪ್ಪೆ ಸಪ್ಪೆ. ಮೊದಲು ತಕರಾರು ತೆಗೆದವರು ಚಿಕ್ಕಲಕ್ಷ್ಮಮ್ಮನ ಗಂಡ, ಮೇಕೆ ಕಾಯುವ ರೇಣುಕಯ್ಯ. "ಇದೇನ್ ಹಿಟ್ಟೋ ಸುಣ್ಣದ ಉಂಡೆಯೋ ಅಂದೆ. ಸತ್ಯ ತಾನೇ?" ಎಂದು ಈಗಲೂ ವಾದಿಸುತ್ತಾರೆ. "ಮೂರು ದಿನ ಮಾತು ಬುಟ್ಲು, ಮುದ್ದೆ ಮಾತ್ರ ಬುಡ್ಲಿಲ್ಲ. ನಾಕ್ನೇ ದಿನ ರುಚಿಯಾಗಿತ್ತು. ಏನ್ ಮಾಡ್ದೆ ಅಂದ್ರೆ ನಗ್ತಾಳೆ." ಮಾಡಿದ್ದಿಷ್ಟೇ: ಎಸರಿಗೆ ಒಂದು ಚಿಟಿಕೆ ಉಪ್ಪು. ಆ ಚಿಟಿಕೆ ಹಿಡಿದುಕೊಂಡು ಅವರು ಮನೆಮನೆಗೆ ಹೋಗಿ, ತಾವೇ ಒಲೆ ಮುಂದೆ ಕೂತು ಮುದ್ದೆ ತಿರುವಿ, ಗಂಡಸರ ತಟ್ಟೆಗೆ ಹಾಕಿ, "ಉಣ್ಣಿ, ಆಮೇಲೆ ಮಾತಾಡಿ" ಎಂದರು. ಯಾವ ಬಿಂದಿಗೆ ಎಸರಿನದೆಂದು ಮರೆಯದಿರಲೆಂದು ಕೆಂಪು ಬಟ್ಟೆ ಕಟ್ಟಿದರು.

ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ನಡೆಯಿತು. ಫಲಿತಾಂಶದ ದಿನ ಅವರು ಬೆಳಗಿನಿಂದ ಏನೂ ತಿಂದಿರಲಿಲ್ಲ. ಸಹನಾ ಫೋನ್ ಮಾಡಿ, "ಅಮ್ಮಾ, ಇಳಿದೈತೆ" ಎಂದರು. ಹಿಂದಿನ ಸಲದ ಅರ್ಧಕ್ಕೂ ಕೆಳಗೆ. "ಲಾರಿ?" ಎಂದು ಇವರು ಕೇಳಿದರು. "ಬರಲ್ಲ." ಚಿಕ್ಕಲಕ್ಷ್ಮಮ್ಮ ಹೋಗಿ ಮಿಷನ್ನಿನ ತಗಡಿನ ಮೈಗೆ ಕೆನ್ನೆ ಒತ್ತಿ ನಿಂತುಬಿಟ್ಟರಂತೆ. "ಬಿಸಿಯಾಗಿತ್ತು. ಜ್ವರ ಬಂದ ಮಗೀನಂಗೆ," ಎನ್ನುತ್ತಾರೆ.

ಸುದ್ದಿ ಸಮುದ್ರ ದಾಟಿದೆ. ತಾಂಜಾನಿಯಾದ ಆ ಹಳ್ಳಿಯವರೂ ಮೆಕ್ಕೆಜೋಳದ ಹಿಟ್ಟಿನಲ್ಲಿ ಮುದ್ದೆಯಂಥದ್ದೇ ಮಾಡುತ್ತಾರೆ, ಉಗಾಲಿ ಎನ್ನುತ್ತಾರೆ. ಅಲ್ಲೂ ಕುಡಿಯಲು ಮಿಷನ್ ನೀರು, ಬೇಯಿಸಲು ಬಾವಿ ನೀರು! ಸಹನಾ ಫೋನಿನ ಪರದೆಯಲ್ಲಿ ಎರಡೂ ಊರಿನ ಹೆಂಗಸರನ್ನು ಎದುರುಬದುರು ಕೂರಿಸಿದರು. "ಅವ್ರೂ ಕೋಲಲ್ಲೇ ತಿರುವ್ತಾರೆ ಕಣಣ್ಣ! ನಂಗಿಂತ ಜೋರು ರಟ್ಟೆ ಆವಮ್ಮಂದು. ಮಾತು ತಿಳೀಲಿಲ್ಲ, ಕೈ ತಿಳೀತು." ಈಗ ಅಲ್ಲಿಯೂ ಅಡುಗೆಗೆ ಬೇರೆ ನೀರು ಕೊಡುತ್ತಿದ್ದಾರಂತೆ. ಇದನ್ನು ಹೇಳುವಾಗ ಅವರ ಮುಖದಲ್ಲಿ ಮದುವೆ ಮನೆಯಲ್ಲಿ ಎರಡನೇ ಸಲ ಬಡಿಸಿಕೊಂಡವರ ತೃಪ್ತಿ.

ಬಿಸಿಲೇರಿದೆ. ಸಾಲು ಕರಗಿದೆ. ಕೆಂಚಮ್ಮಜ್ಜಿ ಗೋಡೆ ಹಿಡಿದು ಬಾಗಿಕೊಂಡೇ ಹೊರಬಂದು ಕಟ್ಟೆಯ ಮೇಲೆ ಕೂತಿದ್ದಾರೆ. ಅಜ್ಜಿಯ ಬೆನ್ನು ಇನ್ನು ಯಾವ ನೀರಿಗೂ ನೆಟ್ಟಗಾಗುವುದಿಲ್ಲ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಅಜ್ಜಿಗೂ ಗೊತ್ತು. ಭೂಮಿಕಾ ಕಟ್ಟೆಯಿಂದ ಧುಮುಕುವುದು, ಹತ್ತುವುದು, ಮತ್ತೆ ಧುಮುಕುವುದು. ಇಷ್ಟೆಲ್ಲ ಮಾಡಿದ್ದೀರಿ, ಇನ್ನು ಏನು ಆಸೆ ಎಂದು ಕೇಳುತ್ತೇನೆ. ಸಂಬಳ ಹೆಚ್ಚಲಿ ಅನ್ನಬಹುದು, ಸನ್ಮಾನ ಅನ್ನಬಹುದು ಎಂದು ಪೆನ್ನು ಹಿಡಿದು ಕಾಯುತ್ತೇನೆ.

ಚಿಕ್ಕಲಕ್ಷ್ಮಮ್ಮ ಮೊಮ್ಮಗಳನ್ನೇ ನೋಡುತ್ತಾರೆ.

"ಇವ್ಳು ಮುದುಕಿ ಆಗ್ಬೇಕು ಕಣಣ್ಣ," ಎನ್ನುತ್ತಾರೆ. "ನೆಟ್ಟಗೆ ನಿಂತ್ಕೊಂಡು, ಎದುರಿಗಿರೋರ ಮಖ ನೋಡೋ ಮುದುಕಿ."