ಗುಂಡಿ ಹಚ್ಚೂದಷ್ಟ ಉಳದೈತಿ

ಐವತ್ತು ದಾಟಿದ ಕನ್ನಡ ಅಕ್ಕೋರು ಮೊಬೈಲಿನಲ್ಲಿ ಟ್ರ್ಯಾಕ್ಟರ್ ಓಡಿಸುತ್ತಾರೆ ಎಂದರೆ ಗೋಕಾಕದಲ್ಲಿ ಯಾರೂ ಮೆಚ್ಚಿ ತಲೆದೂಗುವುದಿಲ್ಲ. ಆದರೂ ಒಪ್ಪಿಕೊಂಡುಬಿಡುತ್ತೇನೆ. ದಿನಾ ಸಂಜೆ ಶಾಲೆಯಿಂದ ಬಂದು, ಚಹಾ ಆರುವಷ್ಟು ಹೊತ್ತು, ಕೊಣ್ಣೂರಿನ ಹೊಲದಿಂದ ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಕಾರ್ಖಾನೆಗೆ ಹೊರಡುತ್ತೇನೆ. ದಾರಿಯಲ್ಲಿ ಮೂರು ಸಲವಾದರೂ ಕಾಲುವೆಗೆ ಬೀಳುತ್ತೇನೆ. "ನಿನಗ ಲೈಸೆನ್ಸ್ ಕೊಟ್ಟಾವ್ರ ಯಾರ?" ಎಂದು ನಮ್ಮ ಮನೆಯವರು ಕೇಳುತ್ತಾರೆ.

ಈ ಆಟ ಮಾಡಿದವಳು ಶಬಾನಾ, ನನ್ನ ಹಳೆಯ ವಿದ್ಯಾರ್ಥಿನಿ. ಅವಳ ತಂದೆ ದಸ್ತಗೀರಣ್ಣನ ಟೇಲರ್ ಅಂಗಡಿ ನಮ್ಮ ಓಣಿಯ ತುದಿಯಲ್ಲಿದೆ. ಅಂಗಡಿಯ ಮೇಲಿನ ಖೋಲಿಯಲ್ಲಿ ಎರಡು ವರ್ಷ ಕೂತು ಒಬ್ಬಳೇ ಇದನ್ನು ಕಟ್ಟಿದಳು. ಆಡುವವರು ಮೂಡಲಗಿಯಿಂದ ಹಿಡಿದು ಮೈಸೂರಿನವರೆಗೂ ಇದ್ದಾರೆ. ಕೋಡ್ ಬರೆಯಲು ಅವಳಿಗೆ ಬೇಸರವೇ ಇಲ್ಲ, ಆಡುವವರಿಗೆ ಉತ್ತರ ಬರೆ ಅಂದರೆ ಮಾತ್ರ ಫೋನನ್ನು ನನ್ನ ಕಡೆ ಸರಿಸುತ್ತಾಳೆ. "ಅಕ್ಕೋರ, ನೀವ ಬರೀರಿ. ನಿಮಗ ಶಬ್ದ ಸಿಗತಾವ," ಎಂದಳು. ಹೀಗೆ ಯಾರಾದರೂ ಅಂದರೆ ನನಗೆ ನೆಲದ ಮೇಲೆ ಕಾಲು ನಿಲ್ಲುವುದಿಲ್ಲ. ಒಪ್ಪಿದೆ.

ಎಲ್ಲರ ಬೇಡಿಕೆ ಒಂದೇ ಇತ್ತು: ರಿವರ್ಸ್ ಗೇರ್. ಆಟದ ಟ್ರ್ಯಾಕ್ಟರ್ ಮುಂದಕ್ಕೆ ಮಾತ್ರ ಹೋಗುತ್ತಿತ್ತು. ಯಾವಾಗ ಬರುತ್ತದೆ ಎಂದು ಶಬಾನಾಳನ್ನು ಕೇಳಿದರೆ, "ಯಾರಿಗ್ಗೊತ್ರಿ. ಹಿಂದಕ ತಗೊಂಡ್ರ ಎರಡೂ ಟ್ರೇಲರ್ ಗಂಟ ಬೀಳತಾವ. ತಲೀನ ಓಡವಲ್ದು," ಎಂದಳು. ಇದನ್ನೇ ಬರೆಯಬಹುದಿತ್ತು. ಆದರೆ ಮಂದಿಯ ಮುಂದೆ ಅಷ್ಟು ಬೋಳು ಸತ್ಯ ಹೇಳುವುದೆ? ಅದೇ ಹೊತ್ತಿಗೆ ಕೆಳಗೆ ದಸ್ತಗೀರಣ್ಣ ಒಬ್ಬ ಗಿರಾಕಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: "ಆತ್ರಿ ಸಾವಕಾರ್ರ, ಗುಂಡಿ ಹಚ್ಚೂದಷ್ಟ ಉಳದೈತಿ." ಆಹಾ, ಎಂಥ ಮಾತು! ಅದನ್ನೇ ಬರೆದುಬಿಟ್ಟೆ.

ನಮ್ಮ ಕಡೆಯವರಿಗೆ ಇದರ ಅರ್ಥ ಬಿಡಿಸಬೇಕಿಲ್ಲ. ಅಂಗಿಗೆ ಗುಂಡಿ ಹೊಲಿಯುವುದೊಂದೇ ಬಾಕಿ ಎಂದು ಟೇಲರ್ ಹೇಳಿದರೆ, ಬಟ್ಟೆಗೆ ಇನ್ನೂ ಕತ್ತರಿ ತಾಗಿಲ್ಲ, ಎಂಟು ದಿನ ಬಿಟ್ಟು ಬಾ ಎಂದರ್ಥ. ಕಾಲಗಳು ಮೂರು ಎಂದು ಇಷ್ಟು ವರ್ಷ ಪಾಠ ಮಾಡಿದ್ದೇನೆ. ಮುಂದೆ ಆಗಬೇಕಾದದ್ದನ್ನು ಆಗಿಹೋಯಿತು ಎನ್ನುವ ಈ ಟೇಲರ್ ಕಾಲಕ್ಕೆ ಮಾತ್ರ ಯಾವ ವ್ಯಾಕರಣದಲ್ಲೂ ಹೆಸರಿಲ್ಲ. ಹಾಗಂತ ನಾವೇನು ಸಾಚಾ? ಬಸ್ ಸ್ಟ್ಯಾಂಡಿನಲ್ಲಿ ಕಾಯುವ ಗೆಳತಿ ಫೋನ್ ಮಾಡಿದರೆ, ಮನೆಯಲ್ಲಿ ಸೀರೆಯ ನೆರಿಗೆ ಹಿಡಿಯುತ್ತಲೇ "ಬಂದ್ನಿ, ಬಂದ್ನಿ" ಎನ್ನುತ್ತೇವೆ. ಅವಳೂ ನಂಬುವುದಿಲ್ಲ, ನಾವೂ ನಾಚುವುದಿಲ್ಲ.

ಮೈಸೂರು ಕಡೆಯವರ ಲೆಕ್ಕ ಬೇರೆ. ಅವರು ಹಚ್ಚುವುದು ದೀಪವನ್ನು, ಅವರ ಗುಂಡಿ ಇರುವುದು ರಸ್ತೆಯಲ್ಲಿ. "ಮೇಡಂ, ಗುಂಡಿಗೆ ಯಾಕೆ ಬೆಂಕಿ ಹಚ್ಚುತ್ತೀರಿ?" ಎಂದು ಒಬ್ಬರು ಗಾಬರಿಯಿಂದ ಕೇಳಿದರು. ಉಳಿದವರು ಮಾತನ್ನು ಅಕ್ಷರಶಃ ನಂಬಿ, ಪರದೆಯ ಮೂಲೆ ಮೂಲೆ ಒತ್ತಿ ರಿವರ್ಸ್ ಗುಂಡಿ ಹುಡುಕತೊಡಗಿದರು. ಒಂದು ವಾರವಾಯಿತು, ಎರಡಾಯಿತು. ನಾನು ಇನ್ನೊಮ್ಮೆ "ಆತ್ರಿ" ಎಂದೆ. ಈಗ ನಮ್ಮ ಕಡೆಯವರಿಗೂ ಸಿಟ್ಟು ಬಂತು. ಆಟಕ್ಕೆ ರೇಟಿಂಗಿನಲ್ಲಿ ಐದು ಚುಕ್ಕಿ ಕೊಟ್ಟವರೇ ಒಂದಕ್ಕಿಳಿದರು. ಸುಳ್ಳುಬುರುಕಿ ಎಂದು ಶಬಾನಾಳ ಹೆಸರು ಹಿಡಿದು ಬರೆದರು.

"ಆಟಾನ ತಗದಬಿಡತೇನ್ರಿ ಅಕ್ಕೋರ," ಎಂದಳು ಅವಳು. "ಕೆಲಸ ಬರೂದಿಲ್ಲ ಅಂದಿದ್ರ ನಡೀತಿತ್ತು. ಸುಳ್ಳ ಹೇಳತಾಳ ಅಂದ್ರ ಹ್ಯಾಂಗ್ರಿ?" ಅವಳ ಕಣ್ಣು ತುಂಬಿತ್ತು. ಸುಳ್ಳು ನನ್ನದು, ಬೈಗುಳ ಅವಳಿಗೆ. ಎರಡು ವರ್ಷದ ದುಡಿಮೆಯನ್ನು ನನ್ನ ಒಂದು ಚೆಂದದ ವಾಕ್ಯ ನುಂಗಲು ಹೊರಟಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು.

ಅಲ್ಲೇ ಕೂತು ಒಂದೂ ಅಲಂಕಾರವಿಲ್ಲದೆ ಬರೆದೆ: "ರಿವರ್ಸ್ ಆಗಿಲ್ಲ. ಹೇಗೆ ಮಾಡಬೇಕೋ ತಿಳಿಯುತ್ತಿಲ್ಲ. ಆಯಿತು ಎಂದು ಬರೆದವಳು ಶಬಾನಾ ಅಲ್ಲ, ಅವಳ ಕನ್ನಡ ಅಕ್ಕೋರಾದ ನಾನು. ತಪ್ಪಾಯಿತು." ಜೊತೆಗೆ ಎರಡೂ ಟ್ರೇಲರ್ ತೊಡರಿಕೊಂಡು ಕಬ್ಬಿನ ಸಮೇತ ಮಗುಚುವ ವಿಡಿಯೊ ಹಾಕಿದೆವು. ಬೈಸಿಕೊಳ್ಳಲು ಸಜ್ಜಾಗಿ ಕಾಯುತ್ತ ಕೂತೆವು.

ಮೊದಲು ಬಂದದ್ದು ನಗು. ಆಮೇಲೆ ಘೋಡಗೇರಿಯ ಯಲ್ಲಪ್ಪ ಎಂಬವರ ಧ್ವನಿ ಸಂದೇಶ ಬಂತು. ಹಗಲು ಖರೆ ಟ್ರ್ಯಾಕ್ಟರ್ ಓಡಿಸಿ, ಕಾರ್ಖಾನೆಯ ಸಾಲಿನಲ್ಲಿ ಕಾಯುವಾಗ ನಮ್ಮ ಟ್ರ್ಯಾಕ್ಟರ್ ಓಡಿಸುವ ಮನುಷ್ಯ. "ತಂಗೆವ್ವಾ, ಮೊದಲ ಹೇಳಬಾರದನ? ಇಪ್ಪತ್ತ ವರ್ಷಾತು ಕಬ್ಬ ಹೊಡ್ಯಾಕತ್ತ, ಎರಡ ಟ್ರೇಲರ್ ಹಚ್ಚಿ ರಿವರ್ಸ್ ತಗೊಳ್ಳಾಕ ನನಗೂ ಬರೂದಿಲ್ಲ! ಹಿಂದಿನದ ಬಿಚ್ಚಿ ನಿಂದರಸತೀವಿ, ಒಂದನ್ನ ತಿರಗಸತೀವಿ, ಆಮ್ಯಾಲ ಮತ್ತ ಹಚ್ಚತೀವಿ. ಆಟದಾಗ ಕೊಂಡಿ ಬಿಚ್ಚಾಕ ಕೊಡು, ಸಾಕ."

ಶಬಾನಾ "ಯಾ ಅಲ್ಲಾ!" ಎಂದು ಹಣೆ ಬಡಿದುಕೊಂಡು ನಕ್ಕಳು. ಯಾವ ಡ್ರೈವರನೂ ಮಾಡದ ಕೆಲಸವನ್ನು ಅವಳು ಇಷ್ಟು ದಿನ ಕಂಪ್ಯೂಟರಿಗೆ ಕಲಿಸಲು ಒದ್ದಾಡಿದ್ದಳು. ಕೊಂಡಿ ಬಿಚ್ಚುವುದು ಆ ವಾರವೇ ಬಂತು. ಆಟ ಉಳಿಯಿತು, ಹೋದ ಚುಕ್ಕಿಗಳೂ ಒಂದೊಂದಾಗಿ ಮರಳಿದವು.

ಹೊಸ ಭಕ್ತರಿಗೆ ಮೈತುಂಬ ವಿಭೂತಿ ಎನ್ನುವ ಹಾಗೆ ನನಗೆ ಸತ್ಯದ ಹುಚ್ಚು ಹಿಡಿಯಿತು. ಇವತ್ತು ಟಯರಿನ ಬಣ್ಣ ಬದಲಾಯಿತು, ಶಬಾನಾಗೆ ನೆಗಡಿಯಾಗಿದೆ, ಆಟದಲ್ಲಿ ಹೊಸದಾಗಿ ಬರುವ ಹುಕ್ಕೇರಿ ರಸ್ತೆಯ ಮೊದಲ ಹಂತದಲ್ಲಿ ಇಂಥದ್ದಿದೆ, ಎರಡನೆಯದರಲ್ಲಿ ಇಂಥದ್ದು ಎಂದು ದಿನಾ ಬರೆದೆ. ಕೊನೆಗೆ ಯಲ್ಲಪ್ಪನವರೇ ತಡೆದರು.

"ಅಕ್ಕೋರ, ಕೈ ಮುಗೀತೇನ್ರಿ, ಸಾಕ ಮಾಡ್ರಿ. ಗಾಡಿ ಕೆಟ್ಟೈತಿ ಅಂದ್ರ ಹೇಳ್ರಿ. ತಿರುವಿನ ಆಚೀಕ ಏನೈತಿ ಅಂತ ಹೇಳಬ್ಯಾಡ್ರಿ. ಅದನ್ನ ನಾನ ಹೋಗಿ ನೋಡತೇನಿ."

ಎಷ್ಟು ಹೇಳಬೇಕು, ಎಷ್ಟು ಬಿಡಬೇಕು ಎಂದು ನಾನು ತಲೆ ಕೆಡಿಸಿಕೊಂಡಿದ್ದಕ್ಕೆ ಅಲ್ಲಿ ಉತ್ತರವಿತ್ತು. ಆದರೂ ಚಟ ಬಿಡಬೇಕಲ್ಲ! "ಹುಕ್ಕೇರಿ ರಸ್ತೆಯ ಕಡೀ ತಿರುವಿನ ಆಚೀಕ ಏನೈತಿ, ನನಗಷ್ಟ ಹೇಳು," ಎಂದು ಶಬಾನಾಳಿಗೆ ಗಂಟು ಬಿದ್ದೆ. ಅವಳು ಪರದೆಯನ್ನು ಆ ಕಡೆ ತಿರುಗಿಸಿಕೊಂಡು, "ಗಾಡಿ ಹೊಡಕೋತ ಬರ್ರಿ ಅಕ್ಕೋರ," ಎಂದಳು.

ಅವತ್ತಿನ ಪ್ರಕಟಣೆ ಒಂದೇ ಸಾಲು: "ಮುಂದೆ ಏನಿದೆಯೋ ನನಗೂ ಹೇಳಿಲ್ಲ." ನಾನು ಬರೆದದ್ದರಲ್ಲಿ ಜನ ಇಷ್ಟು ಖುಷಿಯಿಂದ ಓದಿದ್ದು ಇದೊಂದನ್ನೇ.