ಒಂದೇ ಪೀಪಾಯಿ, ತೊಳೆಯದ ಗ್ಲಾಸು

ನಲ್ಲಿಗೆ ನೀರು ಬಂದಿತ್ತು. ನಮ್ಮ ಬನಹಟ್ಟಿಯ ಓಣಿಯಲ್ಲಿ ನೀರು ಬಂದ ದಿನ ಬೇರೆ ಕೆಲಸಗಳೆಲ್ಲ ಹಿಂದೆ ಬೀಳುತ್ತವೆ. ಹಿತ್ತಲಿನ ಎರಡು ನೀಲಿ ಬ್ಯಾರಲ್‌ಗಳಿಗೆ ಪೈಪು ಬಿಟ್ಟು, ಬಾಯಲ್ಲಿ ಶಿವನಾಮ ಹೇಳಿಕೊಳ್ಳುತ್ತ ನಿಂತಿದ್ದೆ. ಅಷ್ಟರಲ್ಲಿ ತಮ್ಮನ ಫೋನು ಬಂತು.

"ಅಕ್ಕಾ, ನನ್ನ ಬ್ಯಾರಲ್ ಪಾಸಾತು!"

"ಛಲೋ ಆತು ಬಿಡೋ. ನೀಲಿದೋ, ಕರೇದೋ? ಮುಚ್ಚಳ ಗಟ್ಟಿ ಐತೇನ ನೋಡಿ ತಗೋ."

ಅವನು ಬಿದ್ದು ಬಿದ್ದು ನಕ್ಕ. "ನೀರಿಂದಲ್ಲ ಬೇ ಅಕ್ಕಾ! ವಿಸ್ಕಿ ಪೀಪಾಯಿ. ಕಟಗೀದು. ನಾ ಆರಿಸಿದ್ದು. ಯಾವದಕ್ಕೂ ಕೂಡಿಸಲಾರದ ಅದೊಂದನ್ನ ಬಾಟ್ಲಿಗೆ ತುಂಬ್ಯಾರ."

ಬ್ಯಾರಲ್ ತುಂಬಿ ನೀರು ನನ್ನ ಕಾಲ ಮೇಲೆ ಹರಿಯುತ್ತಿತ್ತು. ನನಗೆ ಪೈಪು ತೆಗೆಯುವ ನೆನಪೂ ಆಗಲಿಲ್ಲ.

ತಮ್ಮ ಜಮಖಂಡಿಯಲ್ಲಿ ರಸಾಯನಶಾಸ್ತ್ರ ಓದಿದವನು. ಘಟ್ಟದ ಕೆಳಗೆ ಸಮುದ್ರದ ಕಡೆ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತೆಂದು ಹೇಳಿ ಹೋಗಿದ್ದ. ಮುಧೋಳ, ಜಮಖಂಡಿ ಕಡೆ ಫ್ಯಾಕ್ಟರಿ ಎಂದರೆ ಸಕ್ಕರೆಯದೇ. ಅಪ್ಪನೂ ಹಾಗೆಯೇ ತಿಳಿದಿದ್ದ. ಅದು ವಿಸ್ಕಿ ತಯಾರಿಸುವ ಫ್ಯಾಕ್ಟರಿ ಎಂದು ಗೊತ್ತಾದ ದಿನದಿಂದ ಮಗನೊಡನೆ ಮಾತು ಬಿಟ್ಟ. ಮೂರು ವರ್ಷವಾಗಿತ್ತು. ಅಪ್ಪನ ಅಣ್ಣ ಕುಡಿದು ಕುಡಿದೇ ಮಗ್ಗ ಬಿಟ್ಟು, ಕಡೆಗೆ ಮನೆ ಬಿಟ್ಟು, ಜೀವವನ್ನೂ ಬಿಟ್ಟವನು. ಆದ್ದರಿಂದ ಅಪ್ಪನ ಸಿಟ್ಟನ್ನು ತಪ್ಪೆನ್ನಲು ನನಗೆ ಬಾಯಿ ಬರುತ್ತಿರಲಿಲ್ಲ.

"ಅಕ್ಕಾ, ಮೊದಲನೇ ಸೀರಿ ದೇವರ ಮುಂದಿಟ್ಟು ಅಪ್ಪನ ಕೈಯಾಗ ಕೊಡ್ತಿದ್ದಿವಲ್ಲ," ಅಂದ ತಮ್ಮ. "ಇದು ನನ್ನ ಮೊದಲನೇದು. ನಾ ತರ್ತೇನಿ."

ನೇಕಾರರ ಮನೆಯ ರೂಢಿ ಅದು. ಮಗ್ಗಕ್ಕೆ ಉದ್ದನೆಯ ನೂಲು ಏರಿಸುವುದಕ್ಕೆ ಹಾಸು ಎನ್ನುತ್ತೇವೆ. ಒಂದು ಹಾಸಿನಲ್ಲಿ ಕೆಲವು ಸೀರೆ ಬರುತ್ತವೆ. ಮೊದಲನೆಯದನ್ನು ಕೊಯ್ದಾಗ ದೇವರ ಜಗುಲಿಯ ಮೇಲಿಟ್ಟು, ವಿಭೂತಿ ಹಚ್ಚಿ, ಆಮೇಲೆ ಹಿರಿಯರ ಕೈಗೆ ಕೊಡಬೇಕು. ಆದರೆ ಹೆಂಡದ ಬಾಟ್ಲಿಯನ್ನು ಜಗುಲಿಯ ಮೇಲಿಡುವುದೆಂದರೇನು? "ಶಿವನೇ, ನೀನೇ ದಾರಿ ತೋರಿಸು," ಎಂದುಕೊಂಡೆ.

ಮುಂದಿನ ರವಿವಾರ ಮಧ್ಯಾಹ್ನ ಅವನು ಬಂದ. ಬಾಟ್ಲಿಯನ್ನು ನಾನು ಅಡುಗೆಮನೆಗೆ ಬಿಡಲಿಲ್ಲ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲಿಡಿಸಿದೆ. ಬಾಟ್ಲಿಗೆ ಅಂಟಿಸಿದ ಚೀಟಿಯ ಮೇಲೆ ಪೀಪಾಯಿಯ ನಂಬರು ತಮ್ಮನ ಅಕ್ಷರದಲ್ಲೇ ಇತ್ತು. ನಮ್ಮ ಮನೆಯವರಿಗೆ ಹಬ್ಬ. ಆಗಲೇ ಅಂಗಡಿಯಿಂದ ಸೋಡಾ ತಂದಿದ್ದರು.

"ಮಾಮಾ, ಸೋಡಾ ಬ್ಯಾಡ್ರಿ! ಪಾಪ ಬರತೈತಿ!"

"ಪಾಪದ್ದು ನಿಮ್ಮಕ್ಕನ ಖಾತೆ ಮಾರಾಯಾ. ನನಗ ಕುಡಿಯೂದ ಹೆಂಗ ಅಂತ ಹೇಳು."

ತಮ್ಮ ತಳ ಮುಚ್ಚುವಷ್ಟೇ ಸುರಿದು, ಮೂಗನ್ನು ಗ್ಲಾಸಿನೊಳಗೆ ತುರುಕದೆ ಸ್ವಲ್ಪ ಮೇಲೆ ಹಿಡಿದು, ಬಾಯಿ ತುಸು ತೆರೆದು ವಾಸನೆ ತೆಗೆದುಕೊಳ್ಳಲು ಹೇಳಿದ. ಆಮೇಲೆ ಎರಡು ಹನಿ ನೀರು. ಅಷ್ಟಕ್ಕೇ ಅದರ ವಾಸನೆ ಬೇರೆಯಾಯಿತಂತೆ. ನಮ್ಮವರು ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಸೋಡಾ ಬಾಟ್ಲಿಯನ್ನು ಆಚೆ ಸರಿಸಿದರು. ನನ್ನ ಗಂಡ ಸೋಡಾ ಬೇಡವೆಂದದ್ದನ್ನು ನಾನು ನೋಡಿದ್ದು ಅಂದೇ.

ನಾನು ಕುಡಿಯುವವಳಲ್ಲ. ಕೊರಳಲ್ಲಿ ಲಿಂಗವಿದೆ. ಆದರೆ ತಮ್ಮ ಹೇಳಿದ್ದನ್ನು ಕೇಳುತ್ತ ಪಕ್ಕದಲ್ಲಿ ಒಗೆದ ಸೀರೆ ಹಿಂಡುತ್ತಿದ್ದ ನನ್ನ ಕೈ ಅರ್ಧಕ್ಕೇ ನಿಂತಿತು.

"ಪೀಪಾಯಿಗೆ ಹೋಗೂ ಮುಂದ ನೀರಿನಂಗ ಬಿಳೇದ ಇರತೈತಿ ಅಕ್ಕಾ. ಈ ಬಣ್ಣ ಎಲ್ಲಾ ಕಟಗೀದು. ವರ್ಷಗಟ್ಟಲೆ ಬ್ಯಾಸಗ್ಯಾಗ ಕಟಗಿಯೊಳಗ ಇಳೀತೈತಿ, ಥಂಡಿಗೆ ಹೊರಗ ಬರತೈತಿ. ಬಾಜೂ ಪೀಪಾಯಿನೂ ಅದ ದಿನ ತುಂಬಿದ್ದು, ಅಂಥಾದ ಕಟಗಿ. ರುಚಿ ಮಾತ್ರ ಬ್ಯಾರೆ. ಯಾಕ ಅಂತ ಯಾರಿಗೂ ಹೇಳಾಕ ಬರೂದಿಲ್ಲ. ಅದಕ್ಕ ಎಲ್ಲಾ ಕೂಡಿಸಿ ಒಂದ ರುಚಿ ಮಾಡತಾರ. ಇದನ್ನ ಕೂಡಿಸಿಲ್ಲ. ಇದು ಮುಗೀತಂದ್ರ ಈ ರುಚಿ ಮತ್ತ ಹುಟ್ಟೂದಿಲ್ಲ."

"ಪೀಪಾಯಿ ತುಂಬ ಇರತೈತೇನು ಅಷ್ಟು ವರ್ಷ?" ಕೇಳಿದೆ ನಾನು.

"ಇಲ್ಲ. ವರ್ಷಾ ವರ್ಷಾ ಒಂದಿಷ್ಟು ಆರಿ ಹೋಗತೈತಿ. ನಾವು ಅದಕ್ಕ ದೇವರ ಪಾಲು ಅಂತೇವಿ."

ಕೈಯಲ್ಲಿದ್ದ ಸೀರೆಯನ್ನು ಕೆಳಗಿಟ್ಟೆ. ನಾವು ಎಡೆ ಹಿಡಿಯುತ್ತೇವೆ, ಶಿವ ಮುಟ್ಟದ ಹಾಗೆ ತೋರುತ್ತದೆ. ಅಲ್ಲಿ ಯಾರೂ ಎಡೆ ಹಿಡಿಯದೆ, ಕಟ್ಟಿಗೆಯೊಳಗಿಂದಲೇ ತನ್ನ ಪಾಲು ತೆಗೆದುಕೊಂಡು, ಉಳಿದದ್ದರಲ್ಲಿ ಬಣ್ಣ, ರುಚಿ ಇಟ್ಟು ಹೋಗಿದ್ದಾನೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ನಮ್ಮಿಬ್ಬರನ್ನು ಎರಡು ಥರ ಮಾಡಿದವನೂ ಅವನೇ ಅಲ್ಲವೆ?

ಮರುದಿನ ಬೆಳಿಗ್ಗೆ ಭಾಂಡೆ ತೊಳೆಯಲು ಕುಳಿತಾಗ ಆ ಗ್ಲಾಸು ಕೈಗೆ ಬಂತು. ಒಣಗಿ ಹೋಗಿತ್ತು. ಸುಮ್ಮನೆ ಮೂಗಿಗೆ ಹಿಡಿದೆ. ಹೆಂಡದ ಘಾಟು ಒಂದಿಷ್ಟೂ ಇರಲಿಲ್ಲ. ಹೊಸ ಬೆಲ್ಲ, ಬಿಸಿಲಿಗೆ ಕಾದ ಹಲಗೆ, ಇನ್ನೇನೋ ನನಗೆ ಹೆಸರು ಗೊತ್ತಿಲ್ಲದ್ದು. ರಾತ್ರಿಯ ಭಾಂಡೆ ತೊಳೆಯದೆ ಬಿಟ್ಟವಳಲ್ಲ ನಾನು. ಆ ಒಂದು ಗ್ಲಾಸು ಕಲ್ಲಿನ ಹಿಂದೆ ಮರೆತು ಉಳಿದಿತ್ತು. ಆ ದಿನ ಶಿವನ ಮೊದಲ ದಯೆ ಅದೇ ಎಂದು ಎಣಿಸಿಕೊಂಡೆ.

"ಬಾಟ್ಲಿ ಇಲ್ಲೇ ಬಿಡು. ಈ ಗ್ಲಾಸ್ ಅಷ್ಟ ತಗೊಂಡು ಹೋಗೂಣು," ಅಂದೆ ತಮ್ಮನಿಗೆ.

ಗ್ಲಾಸನ್ನು ಒಗೆದ ಬಟ್ಟೆಯಲ್ಲಿ ಸುತ್ತಿಕೊಂಡು ಆಟೋದಲ್ಲಿ ರಬಕವಿಯ ಅಪ್ಪನ ಮನೆಗೆ ಹೋದೆವು. ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ. ತಮ್ಮನನ್ನು ಕಂಡರೂ ಲಾಳಿ ನಿಲ್ಲಲಿಲ್ಲ. ತಮ್ಮ ಹೊಸ್ತಿಲಿನಾಚೆಗೇ ನಿಂತ. ನಾನು ಬಟ್ಟೆ ಬಿಚ್ಚಿದೆ.

"ಏನ ಯವ್ವಾ ಅದು?"

"ಬರೇ ಗ್ಲಾಸಪ್ಪಾ. ಒಳಗ ಏನಿಲ್ಲ. ತಮ್ಮಂದು ಮೊದಲನೇ ಸೀರಿ ಅಂತ ತಿಳಕೊಂಡು ಒಂದ ಸಲ ಮೂಸಿ ನೋಡು. ಬ್ಯಾಡನಿಸಿದ್ರ ಒಯ್ತೇನಿ."

ಅಪ್ಪ ಲಾಳಿ ನಿಲ್ಲಿಸಿ ಗ್ಲಾಸನ್ನು ಕೈಗೆ ತೆಗೆದುಕೊಂಡ. ನೂಲಿಗೆ ಹಾಕಿದ ಗಂಜಿ ಹುಳಿಯಾಗಿದೆಯೇ ಎಂದು ಮೂಸಿಯೇ ಹೇಳುವ ಮೂಗು ಅದು. ಕಣ್ಣು ಮುಚ್ಚಿ ಹಿಡಿದ. ಮತ್ತೆ ಹಿಡಿದ.

"ಕಟಗಿ," ಅಂದ. "ಹಳೇ ಕಟಗಿ. ನಮ್ಮಪ್ಪನ ಮಗ್ಗ ಬಿಚ್ಚಿದಾಗ ಹಿಂಗ ಬಂದಿತ್ತು ವಾಸನಿ." ಆಮೇಲೆ ಹೊಸ್ತಿಲಿನ ಕಡೆ ಮುಖ ತಿರುಗಿಸದೆಯೇ, "ಇದಕ್ಕ ಬ್ಯಾರೆದ್ದು ಕೂಡಿಸಿದ್ದೇನಲೇ?"

ಮೂರು ವರ್ಷದ ಮೇಲೆ ಮೊದಲ ಮಾತು. ತಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಇಲ್ಲಪ್ಪಾ. ಒಂದ ಪೀಪಾಯಿ."

"ಹಂಗಾದ್ರ ಒಂದ ಹಾಸಿನ ಸೀರಿ ಇದ್ದಂಗ. ಹಾಸು ಮುಗೀತು, ಮುಗೀತು."

"ಹೌದಪ್ಪಾ. ಬರಾಬರಿ ಹಂಗ."

"ನೀನ ಆರಿಸಿದ್ದು?"

"ನಾನ."

ಅಪ್ಪ ಗ್ಲಾಸನ್ನು ಮಗ್ಗದ ಪಕ್ಕದ ಗೂಡಿನಲ್ಲಿಟ್ಟ. ಜಗುಲಿಯ ಮೇಲಲ್ಲ, ಆದರೆ ಕಸದಲ್ಲೂ ಅಲ್ಲ. "ಕುಡಿಯೂದನ್ನ ನಾ ಸಾಯೂತನಕ ಒಪ್ಪೂದಿಲ್ಲ. ಕೈಕೆಲಸ ಒಪ್ಪತೇನಿ," ಅಂದ. "ಹೊರಗ ಯಾಕ ನಿಂತೀ? ಬಿಸಲೈತಿ. ಒಳಗ ಬಾ. ಉಂಡು ಹೋಗು."

ತಮ್ಮ ಹೊಸ್ತಿಲು ದಾಟಿದ. ನಾನು ಸೆರಗಿನಿಂದ ಮುಖ ಒರೆಸಿಕೊಂಡು, ಗೂಡಿನ ಗ್ಲಾಸು ತೊಳೆಯಲೇ ಎಂದು ಕೈ ಚಾಚಿದೆ.

"ಇರ್ಲಿ ಬಿಡು, ತೊಳೀಬ್ಯಾಡ," ಅಂದ ಅಪ್ಪ. ಲಾಳಿ ಮತ್ತೆ ಓಡತೊಡಗಿತು.

ನಾನು ಒಳಗೆ ಹೋಗಿ ಒಲೆಯ ಮೇಲೆ ಎಸರಿಟ್ಟೆ. ಡಬ್ಬಿಯಿಂದ ಜೋಳದ ಹಿಟ್ಟು ತೆಗೆದು ಸಾಣಿಸಿದೆ. ಅಪ್ಪನೊಬ್ಬನಿಗೆಂದು ದಿನವೂ ಎರಡೇ ರೊಟ್ಟಿ ಬಡಿಯುವ ಮನೆ ಅದು. ಇನ್ನೂ ಮೂರು ಬೊಗಸೆ ಹಿಟ್ಟು ಹಾಕಿ ನಾದಲು ಕುಳಿತೆ.